ಮುತ್ತಜ್ಜನ ಹೆಸರು ಜನಗಣತಿಯಲ್ಲಿ ಸಿಗುತ್ತದಾ?

ಪ್ರಶ್ನೆ: ನಮ್ಮ ಹಿರಿಯರು ಮಂಗಳೂರು ಕಡೆಯ ಕೊಂಕಣಿ ಕ್ಯಾಥೊಲಿಕರು. ನಾವೀಗ ಬೆಂಗಳೂರಿನಲ್ಲಿದ್ದೇವೆ. ಮುತ್ತಜ್ಜ ಹುಟ್ಟಿದ್ದು 1880ರ ಆಸುಪಾಸಿನಲ್ಲಿ, ಅಷ್ಟೇ ಗೊತ್ತು. ಇಂಗ್ಲೆಂಡಿನಲ್ಲಿ ಹಳೆಯ ಜನಗಣತಿ ನೋಡಿ ವಂಶವೃಕ್ಷ ಬರೆಯುತ್ತಾರಂತೆ. 1891ರ ನಮ್ಮ ಜನಗಣತಿಯಲ್ಲಿ ಅವರ ಹೆಸರು ಸಿಗಬಹುದಾ?

ಉತ್ತರ: ಸಿಗುವುದಿಲ್ಲ, ಆ ದಾರಿ ಬಿಟ್ಟುಬಿಡಿ. ಇಂಗ್ಲೆಂಡಿನಲ್ಲಿ ಮನೆಮನೆಯ ಹಾಳೆಗಳನ್ನು ಕಾಪಾಡಿ, ನೂರು ವರ್ಷ ಕಳೆದ ಮೇಲೆ ಜನರಿಗೆ ತೆರೆಯುತ್ತಾರೆ. 1921ರ ಹಾಳೆಗಳು 2022ರಲ್ಲಿ ಹೊರಬಂದವು. ನಮ್ಮಲ್ಲಿ ಹಾಗೆ ಉಳಿಸಲಿಲ್ಲ. ಆಗಿನ ಮದ್ರಾಸ್ ಪ್ರೆಸಿಡೆನ್ಸಿಯ ವರದಿಯಲ್ಲಿ ಜಿಲ್ಲೆಯ ಕ್ರೈಸ್ತರ ಸಂಖ್ಯೆ ಇದೆ, ಹೆಸರುಗಳಿಲ್ಲ.

ನಿಮಗೆ ಅದಕ್ಕಿಂತ ಒಳ್ಳೆಯ ದಾಖಲೆ ಇದೆ: ಚರ್ಚಿನ ರಿಜಿಸ್ಟರ್. ಆದರೆ ನೇರವಾಗಿ ಮುತ್ತಜ್ಜನನ್ನು ಹುಡುಕಲು ಹೋಗಬೇಡಿ. ಒಂದೇ ಊರಿನಲ್ಲಿ ಅದೇ ಹೆಸರಿನ ನಾಲ್ಕು ಡಿಸೋಜ ಇರುತ್ತಾರೆ, ಯಾರದ್ದೋ ಮನೆತನವನ್ನು ನಮ್ಮದು ಅಂದುಕೊಂಡುಬಿಡುತ್ತೇವೆ. ಅಜ್ಜನಿಂದ ಶುರು ಮಾಡಿ. ಅವರ ಜ್ಞಾನಸ್ನಾನದ (ಮಗುವನ್ನು ಕ್ರೈಸ್ತ ಧರ್ಮಕ್ಕೆ ಸೇರಿಸುವ ವಿಧಿ, ಬ್ಯಾಪ್ಟಿಸಂ) ದಾಖಲೆಯಲ್ಲಿ ಅಪ್ಪ, ಅಮ್ಮ, ಗಾಡ್‌ಫಾದರ್, ಗಾಡ್‌ಮದರ್ ಹೆಸರುಗಳಿರುತ್ತವೆ. ಗಾಡ್‌ಪೇರೆಂಟ್‌ಗಳನ್ನು ಸುಮ್ನೆ ಬಿಡಬೇಡಿ, ಹೆಚ್ಚಾಗಿ ಅವರು ಹತ್ತಿರದ ನೆಂಟರೇ. ಪುಟದ ಅಂಚನ್ನೂ ನೋಡಿ. 1908ರಲ್ಲಿ ಜಾರಿಗೆ ಬಂದ ಚರ್ಚಿನ ನಿಯಮದಂತೆ, ಒಬ್ಬರ ಮದುವೆಯನ್ನು ಅವರ ಜ್ಞಾನಸ್ನಾನದ ದಾಖಲೆಯ ಪಕ್ಕದಲ್ಲೇ ಬರೆಯಬೇಕು. ಆ ಒಂದು ಸಾಲು ಅಜ್ಜಿಯ ಊರಿಗೆ ದಾರಿ ತೋರಿಸಬಹುದು. ಅಲ್ಲಿಂದ ಮುತ್ತಜ್ಜನ ಮದುವೆ, ಆಮೇಲೆ ಅವರ ಹುಟ್ಟು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಹೋಗಿ.

ಹಳೆಯ ಪುಟಗಳು ಲ್ಯಾಟಿನ್ ಅಥವಾ ಪೋರ್ಚುಗೀಸಿನಲ್ಲಿ ಇರಬಹುದು. ಹೆದರಬೇಡಿ, ಒಂದೇ ಒಕ್ಕಣೆ ಪುಟಗಟ್ಟಲೆ ಬರುತ್ತದೆ, ಹತ್ತು ಸಾಲು ಓದಿದರೆ ಅಭ್ಯಾಸವಾಗುತ್ತದೆ. ಹೆಸರುಗಳೇ ಜಾಸ್ತಿ ಕಾಡುವುದು. ಮನೆಯಲ್ಲಿ ಜುವಾಂವ್ ಎಂದು ಕರೆದವರು ಲ್ಯಾಟಿನ್ ದಾಖಲೆಯಲ್ಲಿ ಜೊವಾನ್ನೆಸ್, ಇಂಗ್ಲಿಷ್ ಸರ್ಟಿಫಿಕೇಟಿನಲ್ಲಿ ಜಾನ್ ಆಗಿರುತ್ತಾರೆ.

ಊರಿನ ಚರ್ಚು 1880ರ ನಂತರ ಕಟ್ಟಿದ್ದಾದರೆ, ಅದು ಯಾವ ಹಳೆಯ ಧರ್ಮಕೇಂದ್ರದಿಂದ ಬೇರೆಯಾಯಿತು ಅಂತ ವಿಚಾರಿಸಿ. ಮುತ್ತಜ್ಜನ ದಾಖಲೆ ಅಲ್ಲಿರುತ್ತದೆ.

1799ಕ್ಕಿಂತ ಹಿಂದೆ ಹೋಗುವುದು ಬಹಳ ಕಷ್ಟ. 1784ರಲ್ಲಿ ಟಿಪ್ಪು ಸುಲ್ತಾನ ಕರಾವಳಿಯ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ, ಚರ್ಚುಗಳನ್ನು ಕೆಡವಿಸಿದ. ಬದುಕುಳಿದವರು ಮರಳಿದ್ದು ಅವನು ಸತ್ತ ಮೇಲೆ. ಹಾಗಾಗಿ ಹಿಂದಿನ ತಲೆಮಾರು ಸಿಗದಿದ್ದರೆ ನಿಮ್ಮ ಹುಡುಕಾಟದ ತಪ್ಪಲ್ಲ. ಮಂಗಳೂರು ಕಡೆಯ ಕೊಂಕಣಿ ಕ್ಯಾಥೊಲಿಕರ ಹಿರಿಯರು ಹೆಚ್ಚಾಗಿ ಗೋವಾದಿಂದ ಬಂದವರು. ಅಲ್ಲಿನ ಮೂಲ ಊರಿನ ಹೆಸರು ಮನೆಯಲ್ಲಿ ಯಾರಿಗಾದರೂ ನೆನಪಿದ್ದರೆ ಮಾತ್ರ ಆ ಊರಿನ ಚರ್ಚಿನಲ್ಲಿ ಮುಂದುವರಿಯಬಹುದು.

ಧರ್ಮಗುರುಗಳಿಗೆ ಮೊದಲೇ ಪತ್ರ ಬರೆದು, ಹೆಸರು ಮತ್ತು ಅಂದಾಜು ಐದು ವರ್ಷಗಳ ಅವಧಿ ತಿಳಿಸಿ. ಭಾನುವಾರ ಪೂಜೆ ಮುಗಿದ ಗಡಿಬಿಡಿಯಲ್ಲಿ ಕೇಳಬೇಡಿ. ಅದಕ್ಕೂ ಮುಂಚೆ ಅಜ್ಜನಿಗೆ ಜ್ಞಾನಸ್ನಾನ ಆದ ಚರ್ಚು ಯಾವುದು ಅಂತ ಮನೆಯ ಹಿರಿಯರನ್ನು ಈ ವಾರವೇ ಕೇಳಿ ಬರೆದಿಟ್ಟುಕೊಳ್ಳಿ.