ದುಬೈನಲ್ಲಿ ಫ್ಲ್ಯಾಟು, ಬೆಂಗಳೂರಿನಲ್ಲಿ ಲೆಕ್ಕ

ಪತ್ರದ ಸಾರ: ಬರೆದವರು ಬಸವೇಶ್ವರನಗರದ ನಿವೃತ್ತ ದಂಪತಿ. ಮಗಳು ದುಬೈನಲ್ಲಿ ಕೆಲಸದಲ್ಲಿದ್ದಾಳೆ. ನಾಗರಬಾವಿಯ ಸೈಟು ಮಾರಿ, ಆ ಹಣದಲ್ಲಿ ಅಲ್ಲೊಂದು 12 ಲಕ್ಷ ದಿರ್ಹಮ್‌ನ ಫ್ಲ್ಯಾಟ್ ಕೊಳ್ಳುವ ಯೋಚನೆ ಇದೆ. ಬೆಂಗಳೂರಿನ ಹೋಟೆಲೊಂದರಲ್ಲಿ ನಡೆದ ಮೇಳದಲ್ಲಿ ಏಜೆಂಟರು, "ತೆರಿಗೆಯೇ ಇಲ್ಲದ ಊರು ಸಾರ್, ಈಗಲೇ ಕಾರ್ಡ್ ಉಜ್ಜಿ ಬುಕ್ ಮಾಡಿ, ಬೇಕಾದಾಗ ಮಾರಿಬಿಡಬಹುದು" ಎಂದರಂತೆ. ಕೊಳ್ಳುವುದು ಹೇಗೆ, ಮಾರಿದ ಮೇಲೆ ಹಣ ತರುವುದು ಹೇಗೆ ಎಂಬುದು ಯಜಮಾನರ ಪ್ರಶ್ನೆ. ಪತ್ರದ ಅಂಚಿನಲ್ಲಿ ಬೇರೆ ಕೈಬರಹದಲ್ಲಿ ಇನ್ನೊಂದು ಸಾಲಿದೆ: "ನಮ್ಮ ನಂತರ ಮಗಳಿಗೆ ಸಲೀಸಾಗಿ ಸಿಗುತ್ತದೆಯೇ?"

ಸಂಪಾದಕರ ಉತ್ತರ:

ನಮಸ್ಕಾರ. ಎಲ್ಲಕ್ಕಿಂತ ಮೊದಲು, ಆ ಕಾರ್ಡನ್ನು ಪರ್ಸಿನಲ್ಲೇ ಇರಲು ಬಿಡಿ. ಭಾರತದ ಕ್ರೆಡಿಟ್ ಕಾರ್ಡು ಹೊರದೇಶದಲ್ಲಿ ಊಟ, ಹೋಟೆಲು, ಟಿಕೆಟ್ಟಿನಂಥ ಖರ್ಚಿಗೆ ಇರುವುದು. ಆಸ್ತಿ ಕೊಳ್ಳುವುದು ವಿದೇಶಿ ವಿನಿಮಯದ ಫೆಮಾ ಕಾಯ್ದೆಯ ಕಣ್ಣಿನಲ್ಲಿ ಬಂಡವಾಳದ ವ್ಯವಹಾರ. ಟೋಕನ್ ಹಣವೇ ಆಗಲಿ, ಬ್ಯಾಂಕಿನಲ್ಲಿ ಹೊರದೇಶಕ್ಕೆ ಹಣ ಕಳಿಸುವ ಎ2 ಫಾರ್ಮ್ ತುಂಬಿ, ಸ್ಥಿರಾಸ್ತಿ ಖರೀದಿಯ ಕೋಡ್ ಹಾಕಿಸಿಯೇ ಕಳಿಸಬೇಕು. ಸುಲಭವಾಗಲಿ ಎಂದು 'ಸಂಬಂಧಿಕರ ಜೀವನ ನಿರ್ವಹಣೆಗೆ' ಎಂದು ಬರೆಸುವವರಿದ್ದಾರೆ. ಹತ್ತು ವರ್ಷದ ನಂತರ ಮಾರಿ ಹಣ ತರುವಾಗ, ಹೋದ ಹಣದ ಕಾಗದಕ್ಕೂ ಬಂದ ಹಣದ ಕಾಗದಕ್ಕೂ ತಾಳೆಯಾಗದೆ ಅವರು ಪರದಾಡುತ್ತಾರೆ.

ಇನ್ನು 'ತೆರಿಗೆಯೇ ಇಲ್ಲದ ಊರು'. ಬಾಡಿಗೆಗೂ ಮಾರಾಟದ ಲಾಭಕ್ಕೂ ದುಬೈ ನಿಮ್ಮಂಥ ವ್ಯಕ್ತಿಗಳಿಂದ ತೆರಿಗೆ ವಸೂಲು ಮಾಡುವುದಿಲ್ಲ, ಅದು ನಿಜ. ಆದರೆ ನೀವಿಬ್ಬರೂ ಭಾರತದ ನಿವಾಸಿಗಳು, ನಿಮ್ಮ ಜಗತ್ತಿನ ಎಲ್ಲ ಆದಾಯಕ್ಕೂ ಇಲ್ಲಿ ತೆರಿಗೆ ಇದೆ. ಅಲ್ಲಿ ಕಟ್ಟಿದ್ದರೆ ಇಲ್ಲಿ ಕಳೆಯಬಹುದಿತ್ತು. ಕಟ್ಟಿಯೇ ಇಲ್ಲವಲ್ಲ, ಪೂರ್ತಿ ಇಲ್ಲೇ ಕಟ್ಟಬೇಕು.

ನಿಮ್ಮ ಪತ್ರದಲ್ಲಿ ನಮ್ಮನ್ನು ಹೆಚ್ಚು ಚಿಂತೆಗೀಡು ಮಾಡಿದ್ದು ನಾಗರಬಾವಿಯ ಸೈಟು. ಸೈಟು ಮಾರಿದ ಹಣದಲ್ಲಿ ಮನೆ ಕೊಂಡರೆ ತೆರಿಗೆ ಉಳಿಯುತ್ತದೆ ಎಂದು ಬರೆದಿದ್ದೀರಿ. 54ಎಫ್ ಎಂದು ಎಲ್ಲರೂ ಕರೆಯುವ ಆ ವಿನಾಯಿತಿ ಇರುವುದು ಭಾರತದೊಳಗಿನ ಒಂದು ಮನೆಗೆ ಮಾತ್ರ. 2014ರ ಬಜೆಟ್ಟಿನಲ್ಲೇ ಕಾನೂನಿಗೆ ಆ ಮಾತು ಸೇರಿತು. ಹಾಗಾಗಿ ಸೈಟಿನ ಲಾಭದ ಮೇಲಿನ ತೆರಿಗೆ ಕಟ್ಟಿ, ಉಳಿದ ಹಣವನ್ನಷ್ಟೇ ದುಬೈ ಲೆಕ್ಕಕ್ಕೆ ಹಿಡಿಯಿರಿ.

ಈಗ ಹಣ ಕಳಿಸುವ ಲೆಕ್ಕ. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್ ಕಳಿಸಬಹುದು. ದಿರ್ಹಮ್ ಡಾಲರಿಗೆ ಅಂಟಿಕೊಂಡ ನಾಣ್ಯ, ಒಂದು ಡಾಲರಿಗೆ 3.6725. ಅಂದರೆ ಒಬ್ಬರ ಮಿತಿ 9,18,125 ದಿರ್ಹಮ್. ನಿಮ್ಮ ಫ್ಲ್ಯಾಟಿನ ಬೆಲೆ 12 ಲಕ್ಷ. ಅದರ ಮೇಲೆ ದುಬೈ ಲ್ಯಾಂಡ್ ಡಿಪಾರ್ಟ್‌ಮೆಂಟಿನ ಶೇ. 4 ಶುಲ್ಕ 48,000, ಬ್ರೋಕರಿಗೆ ಶೇ. 2 ಮತ್ತು ಅದರ ಮೇಲಿನ ವ್ಯಾಟ್ ಸೇರಿ 25,200, ಮಾರಾಟವನ್ನು ನೋಂದಾಯಿಸುವ ಟ್ರಸ್ಟಿ ಕಚೇರಿಗೆ 4,200, ಒಡೆತನದ ಪತ್ರವಾದ ಟೈಟಲ್ ಡೀಡಿಗೆ 580. ಕೂಡಿದರೆ 12,77,980 ದಿರ್ಹಮ್, ಸುಮಾರು 3,48,000 ಡಾಲರ್. ಒಬ್ಬರ ಮಿತಿಯಲ್ಲಿ ಆಗದು, ಗಂಡ ಹೆಂಡತಿ ಇಬ್ಬರೂ ಕಳಿಸಬೇಕು. ಇಬ್ಬರೂ ಕಳಿಸುವುದಾದರೆ ಟೈಟಲ್ ಡೀಡಿನಲ್ಲಿ ಇಬ್ಬರ ಹೆಸರೂ ಇರಲಿ. ಮಾರ್ಚ್ ಕೊನೆಯಲ್ಲಿ ಒಮ್ಮೆ, ಏಪ್ರಿಲ್ ಮೊದಲ ವಾರದಲ್ಲಿ ಒಮ್ಮೆ ಕಳಿಸಿದರೆ ಒಬ್ಬರಿಗೇ ಎರಡು ವರ್ಷದ ಮಿತಿ ಸಿಗುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಈ ಹಣಕ್ಕೆ ಇಲ್ಲಿನ ಬ್ಯಾಂಕು ಸಾಲ ಕೊಡುವಂತಿಲ್ಲ.

ಮೇಳದಲ್ಲಿ ಯಾರೂ ಬಾಯಿಬಿಡದ ಸಂಗತಿ ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲು ಮಾಡುವ ತೆರಿಗೆ. ಒಬ್ಬರು ವರ್ಷಕ್ಕೆ ಕಳಿಸಿದ ಹಣ 10 ಲಕ್ಷ ರೂಪಾಯಿ ದಾಟಿದರೆ, ದಾಟಿದ ಮೊತ್ತದ ಮೇಲೆ ಬ್ಯಾಂಕು ಶೇ. 20ನ್ನು ಆಗಲೇ ಹಿಡಿಯುತ್ತದೆ. ಲೆಕ್ಕಕ್ಕೆ ಒಂದು ದಿರ್ಹಮ್‌ಗೆ 24 ರೂಪಾಯಿ ಎಂದಿಟ್ಟುಕೊಳ್ಳೋಣ. ಯಜಮಾನರು ಪೂರ್ತಿ ಮಿತಿ ಬಳಸಿದರೆ ಕಳಿಸುವುದು 2 ಕೋಟಿ 20 ಲಕ್ಷದ 35 ಸಾವಿರ, ಟಿಸಿಎಸ್ 42 ಲಕ್ಷದ 7 ಸಾವಿರ. ಉಳಿದ 86 ಲಕ್ಷ ಚಿಲ್ಲರೆಯನ್ನು ಅವರ ಪತ್ನಿ ಕಳಿಸಿದರೆ ಅದಕ್ಕೆ 15 ಲಕ್ಷದ 27 ಸಾವಿರ. ಎರಡೂ ಸೇರಿ 57 ಲಕ್ಷ ದಾಟಿತು. ಇದು ಕಳೆದುಹೋದ ಹಣವಲ್ಲ. 26ಎಎಸ್ ಎಂದು ಕರೆಯುವ, ನಿಮ್ಮ ಹೆಸರಿನಲ್ಲಿ ಕಟ್ಟಿದ ತೆರಿಗೆಯ ಪಟ್ಟಿಯಲ್ಲಿ ಕಾಣುತ್ತದೆ, ಸೈಟಿನ ತೆರಿಗೆಗೆ ವಜಾ ಹಾಕಿಕೊಳ್ಳಬಹುದು, ಮಿಕ್ಕಿದ್ದು ರಿಟರ್ನ್ ಸಲ್ಲಿಸಿದ ಮೇಲೆ ರೀಫಂಡ್ ಬರುತ್ತದೆ. ಆದರೆ ಅಲ್ಲಿಯತನಕ ಅಷ್ಟು ದುಡ್ಡು ನಿಮ್ಮ ಕೈಯಲ್ಲಿರುವುದಿಲ್ಲ. ಫ್ಲ್ಯಾಟಿನ ಬೆಲೆಗೆ ಸರಿಯಾಗಿ ಹಣ ಹೊಂದಿಸಿಕೊಂಡು ಬ್ಯಾಂಕಿಗೆ ಹೋದವರು ಕೌಂಟರಿನಲ್ಲೇ ತಡವರಿಸುವುದು ಇಲ್ಲಿ. ಸೈಟು ಮಾರಾಟ ಮತ್ತು ಹಣ ಕಳಿಸುವುದು ಎರಡೂ ಒಂದೇ ಹಣಕಾಸು ವರ್ಷದಲ್ಲಿ ಬರುವಂತೆ ನೋಡಿಕೊಳ್ಳಿ. ಆಗ ಯಜಮಾನರ ಟಿಸಿಎಸ್ ಸೈಟಿನ ಮುಂಗಡ ತೆರಿಗೆಯ ಜಾಗದಲ್ಲಿ ಕೂರುತ್ತದೆ.

ಇಷ್ಟೆಲ್ಲ ಓದಿದ ಮೇಲೆ ಒಂದು ಪ್ರಶ್ನೆ ನಿಮಗೇ ಹೊಳೆದಿರಬಹುದು: ಮಗಳೇ ಏಕೆ ಕೊಳ್ಳಬಾರದು? ನಮ್ಮ ಒಲವೂ ಅತ್ತಲೇ. ಅವಳು ಅಲ್ಲಿನ ನಿವಾಸಿ. ಅವಳ ಸಂಬಳದಿಂದ ಕೊಂಡರೆ ಎಲ್‌ಆರ್‌ಎಸ್ಸೂ ಇಲ್ಲ, ಟಿಸಿಎಸ್ಸೂ ಇಲ್ಲ. ಮೊದಲ ಮನೆ ಕೊಳ್ಳುವ ವಿದೇಶಿ ಉದ್ಯೋಗಿಗೆ, 50 ಲಕ್ಷ ದಿರ್ಹಮ್‌ವರೆಗಿನ ಮನೆಯಾದರೆ, ಅಲ್ಲಿನ ಬ್ಯಾಂಕು ಬೆಲೆಯ ಶೇ. 80ರವರೆಗೆ ಸಾಲ ಕೊಡಬಹುದು. ನೋಂದಣಿ ಶುಲ್ಕ, ಕಮಿಷನ್ ಮಾತ್ರ ಸ್ವಂತ ಹಣದಿಂದಲೇ ಕಟ್ಟಬೇಕು. ನೀವು ಶೇ. 20ರ ಪಾಲನ್ನು ಅವಳಿಗೆ ಉಡುಗೊರೆಯಾಗಿ ಕಳಿಸಿದರೆ ಸಾಕು. ಅದೂ ಎಲ್‌ಆರ್‌ಎಸ್ ಮಿತಿಯಲ್ಲೇ ಬರುತ್ತದೆ, ಆದರೆ ಮೊತ್ತ ಸಣ್ಣದು.

ನೀವೇ ಕೊಳ್ಳುವುದಾದರೆ, ಬೆಂಗಳೂರಿನ ಅಭ್ಯಾಸ ಒಂದಿಷ್ಟು ಬಿಡಬೇಕು. ಮದರ್ ಡೀಡ್, ಇಸಿ, ಖಾತಾ ಎಂದು ಅಲ್ಲಿ ಕೇಳಿದರೆ ಮುಖ ನೋಡುತ್ತಾರೆ. ಸರ್ಕಾರದ ರಿಜಿಸ್ಟರಿನಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅದಕ್ಕೆ ಒಂದೇ ಟೈಟಲ್ ಡೀಡ್. 'ದುಬೈ ರೆಸ್ಟ್' ಆ್ಯಪಿನಲ್ಲಿ ಅದರ ಸಂಖ್ಯೆ ಹಾಕಿ ಪರೀಕ್ಷಿಸಬಹುದು. ವಿದೇಶಿಯರು ಪೂರ್ಣ ಒಡೆತನಕ್ಕೆ ಕೊಳ್ಳಬಹುದಾದ ಪ್ರದೇಶಗಳನ್ನು 2006ರ 7ನೇ ಕಾನೂನಿನಡಿ ಗುರುತಿಸಲಾಗಿದೆ. ಊರಿನ ಎಲ್ಲ ಕಡೆ ಅಲ್ಲ.

ಕಟ್ಟಿ ಮುಗಿದ ಫ್ಲ್ಯಾಟಾದರೆ ಹೀಗೆ ನಡೆಯುತ್ತದೆ. ಕೊಳ್ಳುವವರೂ ಮಾರುವವರೂ 'ಫಾರ್ಮ್ ಎಫ್' ಎಂಬ ಕರಾರಿಗೆ ಸಹಿ ಹಾಕುತ್ತಾರೆ. ಸಾಮಾನ್ಯವಾಗಿ ಶೇ. 10ರ ಚೆಕ್ ಬ್ರೋಕರ್ ಬಳಿ ಇರುತ್ತದೆ. ಮಾರುವವರು ಸರ್ವಿಸ್ ಚಾರ್ಜ್ ಬಾಕಿ ತೀರಿಸಿ ಡೆವಲಪರ್‌ರಿಂದ ಎನ್‌ಒಸಿ ತರುತ್ತಾರೆ. ಆಮೇಲೆ ಟ್ರಸ್ಟಿ ಕಚೇರಿಯಲ್ಲಿ ಎಲ್ಲರೂ ಕೂತು, ಬ್ಯಾಂಕೇ ಬರೆದುಕೊಡುವ ಮ್ಯಾನೇಜರ್ಸ್ ಚೆಕ್ ಕೊಟ್ಟು, ಅಲ್ಲೇ ಹೊಸ ಟೈಟಲ್ ಡೀಡ್ ಪಡೆಯುವುದು. ಆ ದಿನ ಹಣ ಯುಎಇಯ ಬ್ಯಾಂಕೊಂದರಲ್ಲಿ ಚೆಕ್ ರೂಪದಲ್ಲಿ ಸಿದ್ಧವಾಗಿರಬೇಕು. ನಿವಾಸಿಗಳಲ್ಲದವರಿಗೆ ಅಲ್ಲಿ ಖಾತೆ ತೆರೆಯಲು ಸಮಯ ಹಿಡಿಯುತ್ತದೆ. ಖಾತೆ ತೆರೆದ ಮೇಲೆಯೇ ಫಾರ್ಮ್ ಎಫ್‌ಗೆ ಸಹಿ ಹಾಕಿ, ಇಲ್ಲದಿದ್ದರೆ ಕರಾರಿನ ಗಡುವು ದಾಟಿ ಆ ಶೇ. 10ಕ್ಕೆ ಕುತ್ತು.

ಮೇಳದಲ್ಲಿ ತೋರಿಸಿದ್ದು ಇನ್ನೂ ಕಟ್ಟುತ್ತಿರುವ ಕಟ್ಟಡ ಅಂತ ಕಾಣುತ್ತದೆ. ಅಂಥದ್ದಕ್ಕೆ ಹಣ ಹೋಗಬೇಕಾದದ್ದು ಆ ಯೋಜನೆಗೆಂದೇ ಮೀಸಲಿಟ್ಟ ಎಸ್ಕ್ರೋ ಖಾತೆಗೆ ಮಾತ್ರ, 2007ರ 8ನೇ ಕಾನೂನು ಹೇಳುವುದು ಅದನ್ನೇ. ಏಜೆಂಟರ ಖಾತೆಗೆ, ಕಂಪನಿಯ ಇನ್ನಾವುದೋ ಖಾತೆಗೆ ಒಂದು ದಿರ್ಹಮ್ ಕೂಡ ಬೇಡ. ಖರೀದಿ 'ಊಕೂದ್' ಎಂಬ ತಾತ್ಕಾಲಿಕ ನೋಂದಣಿಯಲ್ಲಿ ನಿಮ್ಮ ಹೆಸರಿಗೆ ಬಂದಿರಬೇಕು. ನಡುವೆ ಕಂತು ನಿಲ್ಲಿಸಿದರೆ, ಕೆಲಸ ಎಷ್ಟು ಮುಗಿದಿದೆ ಎನ್ನುವುದರ ಮೇಲೆ ಡೆವಲಪರ್ ಒಪ್ಪಂದದ ಬೆಲೆಯ ಶೇ. 25ರಿಂದ 40ರವರೆಗೂ ಇಟ್ಟುಕೊಳ್ಳಲು ಕಾನೂನು ಬಿಡುತ್ತದೆ. ಕೀಲಿ ಕೈಗೆ ಬಂದ ಮೇಲೂ ಮೂರು ವರ್ಷ ಕಂತು ಕಟ್ಟಬಹುದು ಎಂದು ಡೆವಲಪರ್‌ಗಳು ತೋರಿಸುವ ಆಮಿಷದ ಬಗ್ಗೆ ನಮ್ಮದು ಖಡಾಖಂಡಿತ ಅಭಿಪ್ರಾಯ: ಬೇಡ. ಮನೆ ಕೈಗೆ ಬಂದ ಮೇಲಿನ ಬಾಕಿ ವಿದೇಶಿ ಸಾಲದಂತೆಯೇ ಕಾಣುತ್ತದೆ. ಫೆಮಾ ಬಲ್ಲ ಸಿಎ ಒಬ್ಬರು ಲಿಖಿತವಾಗಿ ಸರಿ ಎಂದರೆ ಮಾತ್ರ ಮುಂದುವರಿಯಿರಿ.

ಕೊಂಡ ಮೇಲೆ ಖರ್ಚು ನಿಲ್ಲುವುದಿಲ್ಲ. ಸರ್ವಿಸ್ ಚಾರ್ಜನ್ನು ಚದರಡಿ ಲೆಕ್ಕದಲ್ಲಿ ಹಾಕುತ್ತಾರೆ. 900 ಚದರಡಿಗೆ ಅಡಿಗೆ 15 ದಿರ್ಹಮ್ ಎಂದರೆ ವರ್ಷಕ್ಕೆ 13,500. ಕಟ್ಟಡಕ್ಕೆಲ್ಲ ಒಂದೇ ಕಡೆಯಿಂದ ತಂಪು ಬರುವ ವ್ಯವಸ್ಥೆಯಿದ್ದರೆ, ಮನೆ ಖಾಲಿಯಿದ್ದರೂ ಅದರ ಸ್ಥಿರ ಶುಲ್ಕದ ಬಿಲ್ ಬರಬಹುದು. ಬಾಡಿಗೆ ಬಂದರೆ ಇಲ್ಲಿ ಶೇ. 30 ಕಳೆದು ತೆರಿಗೆ ಕಟ್ಟಿ. ಬರದಿದ್ದರೂ ಪ್ರತಿ ವರ್ಷ ರಿಟರ್ನಿನಲ್ಲಿ ವಿದೇಶಿ ಆಸ್ತಿಗೆಂದೇ ಇರುವ 'ಶೆಡ್ಯೂಲ್ ಎಫ್‌ಎ'ಯಲ್ಲಿ ಈ ಫ್ಲ್ಯಾಟನ್ನು ತೋರಿಸಲೇಬೇಕು. ಪಿಂಚಣಿದಾರರು ಸಾಮಾನ್ಯವಾಗಿ ಹಾಕುವ ಐಟಿಆರ್-1ರಲ್ಲಿ ಆ ಕಾಲಮ್ಮೇ ಇಲ್ಲ, ಐಟಿಆರ್-2 ಹಾಕಿ. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಲ್ಲಿ ದಂಡ 10 ಲಕ್ಷ ರೂಪಾಯಿ. 20 ಲಕ್ಷದೊಳಗಿನ ವಿದೇಶಿ ಆಸ್ತಿಗೆ 2024ರ ಅಕ್ಟೋಬರಿನಿಂದ ಕೊಟ್ಟ ರಿಯಾಯಿತಿ ಸ್ಥಿರಾಸ್ತಿಗೆ ಅನ್ವಯಿಸದು.

'ಬೇಕಾದಾಗ ಮಾರಿಬಿಡಬಹುದು' ಎಂಬ ಮಾತಿಗೆ ಬರೋಣ. ಬಾಡಿಗೆದಾರರಿದ್ದರೆ, ಮಾರುವ ಕಾರಣಕ್ಕೆ ಅವರನ್ನು ಬಿಡಿಸಲು 12 ತಿಂಗಳ ಮುಂಗಡ ನೋಟಿಸ್ ಬೇಕು, ಅದೂ ನೋಟರಿ ಅಥವಾ ನೋಂದಾಯಿತ ಅಂಚೆಯ ಮೂಲಕ. ವಾಟ್ಸ್ಆ್ಯಪ್ ಸಂದೇಶ ನೋಟಿಸ್ ಅಲ್ಲ. ಸ್ವಂತ ವಾಸಕ್ಕೆ ಹುಡುಕುವವರು ಬಾಡಿಗೆದಾರರಿರುವ ಫ್ಲ್ಯಾಟನ್ನು ಮುಟ್ಟುವುದಿಲ್ಲ, ಹಾಗಾಗಿ ಮಾರಬೇಕು ಎನಿಸುವ ಒಂದು ವರ್ಷ ಮೊದಲೇ ತಯಾರಿ ಶುರುವಾಗಬೇಕು. ಇಲ್ಲಿಂದ ಪವರ್ ಆಫ್ ಅಟಾರ್ನಿ ಕಳಿಸುವುದಾದರೆ ನೋಟರಿ, ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಆಮೇಲೆ ಅಲ್ಲಿನ ವಿದೇಶಾಂಗ ಇಲಾಖೆ, ಅರಬ್ಬಿ ಅನುವಾದ ಎಂದು ಕಾಗದ ಮುದ್ರೆಯಿಂದ ಮುದ್ರೆಗೆ ಅಲೆಯುತ್ತದೆ. ಮಗಳ ಮನೆಗೆ ಹೋದಾಗ ಅಲ್ಲಿನ ನೋಟರಿಯ ಎದುರೇ ಅವಳ ಹೆಸರಿಗೆ ಮಾಡಿಸಿಬಿಡುವುದು ಎಷ್ಟೋ ವಾಸಿ. ಇನ್ನೊಂದು, ಮಾರಿದ ದಿನ ಚೆಕ್ ಬರುವುದು ನಿಮ್ಮ ಹೆಸರಿಗೆ. ಕೊಂಡಾಗ ತೆರೆದ ಖಾತೆ ಬಳಕೆಯಿಲ್ಲದೆ ನಿಷ್ಕ್ರಿಯವಾಗಿದ್ದರೆ ಆ ಚೆಕ್ಕನ್ನು ಹಾಕುವುದೆಲ್ಲಿ? ಸರ್ವಿಸ್ ಚಾರ್ಜನ್ನು ಆ ಖಾತೆಯಿಂದಲೇ ಕಟ್ಟುತ್ತಿದ್ದರೆ ಅದು ಜೀವಂತವಾಗಿರುತ್ತದೆ.

ಮಾರಾಟದ ಲಾಭವನ್ನು ರೂಪಾಯಿಯಲ್ಲಿ ಎಣಿಸಲಾಗುತ್ತದೆ ಎಂಬುದು ಹಲವರಿಗೆ ತಡವಾಗಿ ತಿಳಿಯುವ ವಿಷಯ. 12 ಲಕ್ಷ ದಿರ್ಹಮ್‌ಗೆ ಕೊಂಡು 12 ಲಕ್ಷಕ್ಕೇ ಮಾರಿದಿರಿ ಎನ್ನಿ. ದಿರ್ಹಮ್ 24 ರೂಪಾಯಿಯಿಂದ 28ಕ್ಕೆ ಏರಿದ್ದರೆ ಕೊಂಡದ್ದು 2 ಕೋಟಿ 88 ಲಕ್ಷಕ್ಕೆ, ಮಾರಿದ್ದು 3 ಕೋಟಿ 36 ಲಕ್ಷಕ್ಕೆ. ದುಬೈನಲ್ಲಿ ಒಂದು ಕಾಸೂ ಗಳಿಸದೆ ಬೆಂಗಳೂರಿನಲ್ಲಿ 48 ಲಕ್ಷದ ಲಾಭ! 24 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡಿದ್ದರೆ ಶೇ. 12.5, ಸೆಸ್ ಸೇರಿ 6 ಲಕ್ಷದ 24 ಸಾವಿರ, ಸರ್‌ಚಾರ್ಜ್ ಬಿದ್ದರೆ ಬೇರೆ. ಕೊಳ್ಳುವಾಗ ಕೊಟ್ಟ ಶುಲ್ಕ, ಕಮಿಷನ್‌ಗಳ ರಸೀದಿ ಇಟ್ಟುಕೊಂಡಿದ್ದರೆ ಅಷ್ಟನ್ನೂ ವೆಚ್ಚಕ್ಕೆ ಸೇರಿಸಿ ಲಾಭ ತಗ್ಗಿಸಬಹುದು. ಇಲ್ಲಿ ಒಂದು ಸಮಾಧಾನವಿದೆ. ಆ ಲಾಭದಲ್ಲಿ ಎರಡು ವರ್ಷದೊಳಗೆ ಭಾರತದಲ್ಲಿ ಮನೆ ಕೊಂಡರೆ 54 ಎಂದು ಕರೆಯುವ, ಮನೆ ಮಾರಿ ಮನೆ ಕೊಳ್ಳುವವರ ವಿನಾಯಿತಿ ಸಿಗುತ್ತದೆ. ಮಾರಿದ್ದು ಹೊರದೇಶದ ಮನೆ ಎಂಬುದು ಅಡ್ಡಿಯಲ್ಲ, ಕೊಳ್ಳುವುದು ಮಾತ್ರ ಇಲ್ಲಿರಬೇಕು. ಮತ್ತೆ ಹೊರಗೆ ಹೂಡದಿದ್ದರೆ 180 ದಿನದೊಳಗೆ ಹಣ ಭಾರತಕ್ಕೆ ಬರಬೇಕು. ಆಗ ಬ್ಯಾಂಕು ಕೇಳುವುದು, ಹಣ ಹೋದ ದಿನದ ಎ2 ಪ್ರತಿ, ಹಣ ರವಾನೆಯ ಬ್ಯಾಂಕ್ ದಾಖಲೆಯಾದ ಸ್ವಿಫ್ಟ್ ಸಂದೇಶ, ಎರಡೂ ಸಲದ ಫಾರ್ಮ್ ಎಫ್ ಮತ್ತು ಟೈಟಲ್ ಡೀಡ್. ಇವಿಷ್ಟನ್ನೂ ಸೈಟಿನ ಕಾಗದಗಳ ಫೈಲಿನಲ್ಲೇ ಇಡಿ.

ಅಮ್ಮನವರು ಅಂಚಿನಲ್ಲಿ ಬರೆದ ಪ್ರಶ್ನೆಗೆ: ಇಬ್ಬರ ಹೆಸರಿನಲ್ಲಿದ್ದರೆ, ಒಬ್ಬರು ತೀರಿಕೊಂಡಾಗ ಇನ್ನೊಬ್ಬರಿಗೆ ತಾನಾಗಿ ಹೋಗುತ್ತದೆ ಎಂದು ನಂಬಬೇಡಿ, ಆ ಪಾಲು ನ್ಯಾಯಾಲಯದ ದಾರಿಯಲ್ಲೇ ಬರಬೇಕು. ಇಲ್ಲಿನ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ ಉಯಿಲು ಅಲ್ಲಿ ನಡೆಯಬೇಕಾದರೆ ಮೊದಲು ಮೇಲೆ ಹೇಳಿದ ಮುದ್ರೆಗಳ ಯಾತ್ರೆ ಮುಗಿಸಬೇಕು. ಅದರ ಬದಲು ಮುಸ್ಲಿಮೇತರರಿಗಾಗಿ ದುಬೈನ ಡಿಐಎಫ್‌ಸಿ (ಅಂತರರಾಷ್ಟ್ರೀಯ ಹಣಕಾಸು ಕೇಂದ್ರ) ನ್ಯಾಯಾಲಯಗಳಲ್ಲಿರುವ ಉಯಿಲು ನೋಂದಣಿ ಸೇವೆಯಲ್ಲಿ, ಈ ಫ್ಲ್ಯಾಟಿಗೆಂದೇ ಇಬ್ಬರೂ ಬೇರೆ ಬೇರೆ ಉಯಿಲು ಮಾಡಿಡಿ. ಬೆಂಗಳೂರಿನ ಉಯಿಲಿನಲ್ಲಿ 'ದುಬೈ ಆಸ್ತಿ ಇದರಲ್ಲಿ ಸೇರಿಲ್ಲ' ಎಂದು ಒಂದು ಸಾಲು ಬರೆಸಿ. ಇಲ್ಲದಿದ್ದರೆ ಆಮೇಲೆ ಬರೆದದ್ದು ಮೊದಲಿನದನ್ನು ರದ್ದು ಮಾಡಿತೇ ಎಂಬ ತಕರಾರು ಮಗಳ ತಲೆಗೆ ಬರುತ್ತದೆ.