ಟಿ.ವಿ. ಮುಂದಿನ ಬೀಜದ ಡಬ್ಬಿ

ಪ್ರಶ್ನೆ: ನನಗೆ 54 ವರ್ಷ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ. ರಾತ್ರಿ ಮೂರು ಬಾರಿಯಾದರೂ ಮೂತ್ರಕ್ಕೆ ಏಳಬೇಕಾಗುತ್ತದೆ. ಸಿಹಿಗುಂಬಳದ ಬೀಜ ಪ್ರಾಸ್ಟೇಟ್‌ಗೆ (ಗಂಡಸರ ಮೂತ್ರಕೋಶದ ಕೆಳಗಿರುವ, ಊದಿದರೆ ಮೂತ್ರಕ್ಕೆ ತೊಂದರೆ ಕೊಡುವ ಗ್ರಂಥಿ) ಒಳ್ಳೆಯದೆಂದು ವಾಟ್ಸ್‌ಆ್ಯಪ್‌ನಲ್ಲಿ ಓದಿದಾಗಿನಿಂದ ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ, ರಾತ್ರಿ ಟಿ.ವಿ. ನೋಡುತ್ತಾ ಇನ್ನೊಂದಿಷ್ಟು ಉಪ್ಪು ಹಚ್ಚಿದ ಬೀಜ ತಿನ್ನುತ್ತಿದ್ದೇನೆ. ಎರಡು ತಿಂಗಳಲ್ಲಿ ತೂಕ ಎರಡು ಕಿಲೊ ಹೆಚ್ಚಿದೆ, ಹೊಟ್ಟೆಯೂ ಉಬ್ಬರಿಸುತ್ತದೆ. ಬಿಟ್ಟುಬಿಡಲೇ?

ಉತ್ತರ: ಬೀಜವನ್ನು ಬಿಡಬೇಡಿ. ಡಬ್ಬಿಯನ್ನು ಮಾತ್ರ ಟಿ.ವಿ. ಮುಂದಿನಿಂದ ಎತ್ತಿ ಅಡುಗೆಮನೆಗೆ ಸಾಗಿಸಿ.

ತೂಕ ಏರಿದ್ದರಲ್ಲಿ ಅಚ್ಚರಿಯೇನೂ ಇಲ್ಲ. ಸಿಪ್ಪೆ ತೆಗೆದ 100 ಗ್ರಾಂ ಬೀಜದಲ್ಲಿ ಅರ್ಧದಷ್ಟು ಕೊಬ್ಬೇ ಇರುತ್ತದೆ. ಅದು ಒಳ್ಳೆಯ ಜಾತಿಯ ಕೊಬ್ಬು, ನಿಜ. ಆದರೆ ಕ್ಯಾಲೊರಿ ಕ್ಯಾಲೊರಿಯೇ. ದಿನಕ್ಕೆ ಮೂರು ಹಿಡಿ ಎಂದರೆ ಸುಮಾರು 90 ಗ್ರಾಂ, 500 ಕ್ಯಾಲೊರಿ. ಎಂದಿನ ಊಟ ಮುಗಿಸಿ, ಮೇಲೆ ಐದು ಚಪಾತಿ ತಿಂದ ಲೆಕ್ಕ. ಎರಡು ಊಟದ ಚಮಚ, ಅಂದರೆ 20 ಗ್ರಾಂ ಆಸುಪಾಸು, ನಿಮಗೆ ಸಾಕು. ಅಷ್ಟರಲ್ಲೇ ಸುಮಾರು 6 ಗ್ರಾಂ ಪ್ರೋಟೀನ್, 100 ಮಿಲಿಗ್ರಾಂಗೂ ಹೆಚ್ಚು ಮೆಗ್ನೀಸಿಯಂ, ಜೊತೆಗೆ ಒಂದಿಷ್ಟು ಸತು, ಕಬ್ಬಿಣ ಸಿಗುತ್ತವೆ. ಸಂಜೆಯ ಚಕ್ಕುಲಿ, ಬಿಸ್ಕತ್ತಿನ ಬದಲಿಗೆ ತಿನ್ನಿ. ಅವುಗಳ ಜೊತೆಗೆ ತಿಂದರೆ ಮತ್ತೆ ಹಳೆಯ ಕತೆಯೇ.

ಉಪ್ಪಿನ ಪೊಟ್ಟಣವಂತೂ ನಿಮಗೆ ಬೇಡವೇ ಬೇಡ. ಒಂದು ಕೈಯಲ್ಲಿ ರಕ್ತದೊತ್ತಡದ ಮಾತ್ರೆ, ಇನ್ನೊಂದು ಕೈಯಲ್ಲಿ ಉಪ್ಪು ಹಿಡಿದರೆ ಹೇಗೆ?

ಮನೆಗೆ ಕುಂಬಳಕಾಯಿ ತಂದಾಗ ಬೀಜವನ್ನು ಎಸೆಯಬೇಡಿ. ಅಂಟಿಕೊಂಡ ನಾರನ್ನು ನೀರಿನಲ್ಲಿ ಉಜ್ಜಿ ತೆಗೆದು, ಮೊರದಲ್ಲಿ ಹರಡಿ ಗರಿಗರಿಯಾಗುವವರೆಗೆ ಒಣಗಿಸಿ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಬೀಜ ಉಬ್ಬಿ ಚಟಪಟ ಸಿಡಿಯತೊಡಗಿದಾಗ ಇಳಿಸಿ. ಮೇಲಿನ ಬಿಳಿ ಸಿಪ್ಪೆ ಬರೀ ನಾರು. ಅದನ್ನು ಬಿಡಿಸದೆ ಹೆಚ್ಚು ತಿಂದರೆ, ನೀರೂ ಕಡಿಮೆ ಕುಡಿದರೆ, ಹೊಟ್ಟೆ ಕಟ್ಟಿಕೊಳ್ಳುತ್ತದೆ. ಬೀಜ ಕಹಿಯಾಗಿದ್ದರೆ ಉಗಿದುಬಿಡಿ, ಕಮಟು ವಾಸನೆ ಬಂದರೆ ಡಬ್ಬಿಯನ್ನೇ ಖಾಲಿ ಮಾಡಿ. ಚಿಕ್ಕ ಮಕ್ಕಳ ಕೈಗೆ ಇಡೀ ಬೀಜ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ರೊಟ್ಟಿ ಹಿಟ್ಟಿಗೆ ಬೆರೆಸಬಹುದು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ತಿನ್ನಬಾರದು, ಇದರಲ್ಲಿ ರಂಜಕ (ಫಾಸ್ಫರಸ್) ಬಹಳ.

ಇನ್ನು ಪ್ರಾಸ್ಟೇಟ್ ವಿಚಾರ. ಈ ಬೀಜದಿಂದ ಕೆಲವರಿಗೆ ತುಸು ಆರಾಮ ಸಿಕ್ಕೀತು, ಆದರೆ ಪರೀಕ್ಷೆಯ ಕೆಲಸವನ್ನು ಅದು ಮಾಡಲಾರದು. ರಾತ್ರಿ ಮೂರು ಬಾರಿ ಏಳುವುದಕ್ಕೆ ಸಕ್ಕರೆ ಕಾಯಿಲೆಯೂ ಕಾರಣವಿರಬಹುದು, ಮೂತ್ರದ ಸೋಂಕೂ ಇರಬಹುದು. ಈ ವಾರವೇ ವೈದ್ಯರನ್ನು ಕಾಣಿ. ಹೋಗುವಾಗ ಮಾತ್ರೆಯ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಳ್ಳಿ, ಯಾವ ಹೊತ್ತಿಗೆ ನುಂಗುತ್ತೀರೆಂದೂ ಹೇಳಿ. ರಕ್ತದೊತ್ತಡದ ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸುತ್ತವೆ. ಅವನ್ನು ಸಂಜೆ ನುಂಗಿದವರು ರಾತ್ರಿಯಿಡೀ ಏಳುತ್ತಿರಬೇಕಾಗುತ್ತದೆ.