ಹಾಯಿದೋಣಿಯ ತಂತಿ: ಒಂದನ್ನೇ ಬದಲಿಸಬೇಡಿ

ನಮಸ್ಕಾರ. ಮುಂಬೈಯಿಂದ ತಂದ ಹಳೆಯ ಹಾಯಿದೋಣಿಯಲ್ಲಿ ಕಂಬ ಹಿಡಿದಿರುವ ಒಂದು ತಂತಿಯ ಎಳೆ ಬಿಟ್ಟಿದೆ, ಅದೊಂದನ್ನೇ ದಾವಣಗೆರೆಯಲ್ಲಿ ಮಾಡಿಸಿ ವಾಣಿವಿಲಾಸ ಸಾಗರಕ್ಕೆ ಇಳಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಉಳಿದವೂ ಅಷ್ಟೇ ಹಳೆಯವು, ಅಲ್ವಾ? ಸಿಹಿನೀರಿನಲ್ಲಿ ತುಕ್ಕು ಕಡಿಮೆ ನಿಜ. ಆದರೆ ಇವು ಸಮುದ್ರದಲ್ಲೇ ಸವೆದು ಬಂದಿವೆ. ಜೋರು ಗಾಳಿಗೆ ತಂತಿ ಕಿತ್ತರೆ ಕಂಬ ಕೂತವರ ಮೇಲೇ ಬೀಳಬಹುದು. ಎಲ್ಲವನ್ನೂ ಬದಲಿಸಿ.

ನಮ್ಮೂರಲ್ಲಿ ಸಿಗುವ ಕ್ರೇನ್ ವೈರ್ ರೋಪ್ ಇದಕ್ಕೆ ಆಗುವುದಿಲ್ಲ. ಅದನ್ನು ಬಾಗಲೆಂದೇ ಹೊಸೆದಿರುತ್ತಾರೆ, ಎಳೆದರೆ ಜಾಸ್ತಿ ಹಿಗ್ಗುತ್ತದೆ. ನಿಮಗೆ ಬೇಕಿರುವುದು 19 ಗಟ್ಟಿ ಎಳೆಗಳ 1×19 ತಂತಿ, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್.

ಅಳತೆಗೆ ಆತುರ ಬೇಡ. ಬಿಚ್ಚುವ ಮೊದಲು ಟರ್ನ್‌ಬಕಲ್ಲಿನ (ತಂತಿಯ ತುದಿಯಲ್ಲಿ ತಿರುಗಿಸಿ ಬಿಗಿ ಮಾಡುವ ಸಾಧನ) ತಿರುಪು ಎಷ್ಟು ಹೊರಗಿದೆ ಅಂತ ಬರೆದುಕೊಳ್ಳಿ. ಕಂಬ ಇಳಿಸಿದ ಮೇಲೆ ತಂತಿಯನ್ನು ಬಿಗಿಯಾಗಿ ಎಳೆದು, ಮೇಲಿನ ಪಿನ್ ಕೂರುವ ಜಾಗದಿಂದ ಕೆಳಗಿನ ಪಿನ್ ಕೂರುವ ಜಾಗದವರೆಗೆ ಸ್ಟೀಲ್ ಟೇಪ್ ಹಿಡಿಯಿರಿ, ಟರ್ನ್‌ಬಕಲ್ ಸೇರಿಸಿ. ಹೊಸ ತಂತಿ ಸ್ವಲ್ಪ ಹಿಗ್ಗುತ್ತದೆ, ಹಾಗಾಗಿ ಬಿಗಿ ಮಾಡಲು ಅರ್ಧಕ್ಕಿಂತ ಜಾಸ್ತಿ ತಿರುಪು ಉಳಿದಿರಬೇಕು. ಎಡ, ಬಲ ಒಂದೇ ಅಂತ ಸುಮ್ನೆ ನಂಬಬೇಡಿ, ಎರಡನ್ನೂ ಅಳೆಯಿರಿ. ತಂತಿಯ ದಪ್ಪ ಅಳೆಯಲು ವರ್ನಿಯರ್ (ಸಣ್ಣ ಅಳತೆ ನಿಖರವಾಗಿ ತೋರಿಸುವ ಸಾಧನ) ಬೇಕೇ ಬೇಕು. ಹಳೆಯ ದೋಣಿಗಳಲ್ಲಿ ಇಂಚಿನ ಲೆಕ್ಕದಲ್ಲಿ ಮಾಡಿದ ತಂತಿಯೂ ಇರುತ್ತದೆ. 3/16 ಇಂಚು ಅಂದರೆ 4.76 ಮಿ.ಮೀ., ಅದರ ತುದಿಗೆ 5 ಮಿ.ಮೀ. ತಂತಿಯ ಫಿಟಿಂಗ್ (ಪಿನ್ನಿಗೆ ಸಿಕ್ಕಿಸುವ ಲೋಹದ ಜೋಡಣೆ) ಹಾಕಿದರೆ ಹಿಡಿತ ಬರುವುದಿಲ್ಲ.

ತುದಿಯ ಫಿಟಿಂಗನ್ನು ಯಂತ್ರದಲ್ಲೇ ಒತ್ತಿಸಬೇಕು. ಹಾಯಿದೋಣಿಗಳ ಕೆಲಸ ಮಾಡುವವರಿಗೆ ಅಳತೆಯ ಜೊತೆ ಹಳೆಯ ತಂತಿಗಳನ್ನೂ ಕಳಿಸಿ. ಪಿನ್ನುಗಳನ್ನೂ ಹೊಸದಾಗಿ ತರಿಸಿ.